ಕುರಿಮರಿಗೆ ಇನ್ನೂ ಕಣ್ಣು ತೆರೆಸಿಲ್ಲ

ಹೊಸಪೇಟೆಯಿಂದ ಕಂಪ್ಲಿಯವರೆಗೆ, ಅತ್ತ ಸಂಡೂರಿನ ಗುಡ್ಡದ ಊರುಗಳವರೆಗೆ ಹೊಸ ಗುಡಿಗಳ ಗೋಪುರವನ್ನು ಕತ್ತೆತ್ತಿ ನೋಡಿದವರೆಲ್ಲ ಎರ್ರೆಮ್ಮನ ಕೈಕೆಲಸ ನೋಡಿದ್ದಾರೆ. ನೋಡಿದ್ದೇವೆಂದು ಯಾರಿಗೂ ಗೊತ್ತಿಲ್ಲ. ದ್ವಾರಪಾಲಕರ ಮೀಸೆ, ಅಮ್ಮನ ಸೀರೆಯ ನೆರಿಗೆ, ಮೂಲೆಯಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತ ಗಣಗಳ ನಗೆ, ಇಷ್ಟನ್ನೂ ಗಾರೆಯಲ್ಲಿ ಮೂಡಿಸಿ ಬಣ್ಣ ಹಚ್ಚಿದವಳು ಅವಳು. ಆದರೆ ಈ ಕೆಲಸದಲ್ಲಿ ಹೆಸರು ಬರುವುದು ಕಣ್ಣು ತೆರೆಸಿದವರಿಗೆ. ಕಣ್ಣು ತೆರೆಸುವ ಕೈ ಗಂಡಸಿನದೇ ಆಗಬೇಕು.

ಗಾರೆ ಕೆಲಸದ ಮನೆಗಳಲ್ಲಿ ಇದು ಕಟ್ಟುನಿಟ್ಟು. ಮೂರ್ತಿ ಪೂರ್ತಿಯಾದರೂ ಕಣ್ಣಿನ ಜಾಗವನ್ನು ಬೋಳು ಬಿಟ್ಟಿರುತ್ತಾರೆ. ಅದನ್ನು ಗೂಡಿನಲ್ಲಿ ನಿಲ್ಲಿಸಿದ ಮೇಲೆ ಎದುರಿಗೆ ಕನ್ನಡಿ ಹಿಡಿದು, ಕನ್ನಡಿಯಲ್ಲಿ ನೋಡಿಕೊಂಡೇ ಕರಿಬೊಟ್ಟು ಇಡಬೇಕು. ಮೊದಲ ನೋಟ ಮನುಷ್ಯರ ಮೇಲೆ ಬೀಳಕೂಡದು. ಒಮ್ಮೆ ತೆರೆಸಿದ ಕಣ್ಣನ್ನು ಅಳಿಸಕೂಡದು. ಅಳಿಸಿದರೆ ದೇವರ ಕಣ್ಣು ಕಿತ್ತ ಪಾಪ. ಬೊಟ್ಟಿಟ್ಟವನ ತಲೆಗೆ ಊರವರು ರೇಷ್ಮೆ ರುಮಾಲು ಸುತ್ತುತ್ತಾರೆ. ಆಮೇಲೆ ಆ ಗುಡಿ ಅವನ ಕೈಯದು ಎಂದೇ ನಾಲ್ಕು ಊರಿಗೆ ಹೆಸರಾಗುತ್ತದೆ.

ಎರ್ರೆಮ್ಮನ ಮನೆಯಲ್ಲಿ ಈ ರುಮಾಲು ಮೊದಲು ಮಾವನ ತಲೆಯ ಮೇಲಿತ್ತು, ಆಮೇಲೆ ಗಂಡ ಜಡೆಪ್ಪನ ತಲೆಗೆ ಬಂತು. ಜಡೆಪ್ಪ ಜ್ವರದಲ್ಲಿ ಹೋದ ವರ್ಷ ಅದು ಅವಳನ್ನು ದಾಟಿ ಮೈದುನ ಗಾದಿಲಿಂಗನ ತಲೆಗೆ ಹಾರಿತು. ಆಗ ಅವನಿಗೆ ಮೀಸೆಯೂ ಸರಿಯಾಗಿ ಮೂಡಿರಲಿಲ್ಲ. ತಾಯಿಯಿಲ್ಲದ ಅವನಿಗೆ ತುತ್ತು ಕೊಟ್ಟವಳು, ಅಳಿಲ ಬಾಲದ ಬ್ರಷ್ಷನ್ನು ಹಿಡಿಯುವುದು ಹೀಗೆ ಎಂದು ಕೈಹಿಡಿದು ತೋರಿಸಿದವಳು ಎರ್ರೆಮ್ಮನೇ. ಅವನು ಕಲಿತದ್ದು ಒಂದೇ ಕಣ್ಣು, ಪಕ್ಕದಲ್ಲಿ ಪಟಾಕಿ ಸಿಡಿದಾಗ ಬಿಡುವ ಕಣ್ಣು. ಅಮ್ಮನಿಗೂ ಅದೇ, ರಾಕ್ಷಸನಿಗೂ ಅದೇ, ನಂದಿಗೂ ಅದೇ.

"ಲೇ ಗಾದಿ, ಅಮ್ಮ ಮಕ್ಕಳ್ನ ನೋಡಾಕತ್ಯಾಳೋ, ಬಸ್ ಬಂತಂತ ನೋಡಾಕತ್ಯಾಳೋ?" ಎಂದು ಅವಳು ಕೇಳುತ್ತಿದ್ದಳು.

"ದೂರಕ್ಕ ಕಾಣ್ಬೇಕು ಅತ್ತಿಗಿ. ನಿನಗ ಅದೆಲ್ಲ ತಿಳಿಯಂಗಿಲ್ಲ, ಸುಮ್ಕಿರು."

ಸುಮ್ಮನೇ ಇದ್ದಳು. ತಾನು ತಿಂಗಳುಗಟ್ಟಲೆ ತಿದ್ದಿದ ಮುಖಗಳು ಕೊನೆಯ ಗಳಿಗೆಯಲ್ಲಿ ಹಾಳಾಗುವುದನ್ನು ಕನ್ನಡಿ ಹಿಡಿದುಕೊಂಡು ನಿಂತು ನೋಡಿದಳು. ಹೌದು, ಕನ್ನಡಿ ಹಿಡಿಯಲು ಮಾತ್ರ ಹೆಂಗಸಿನ ಕೈ ನಡೆಯುತ್ತದೆ.

ಹೀಗಿರುವಾಗ ಒಂದು ದಿನ ಚಿತ್ತವಾಡ್ಗಿಯ ಅವಳ ಅಂಗಳಕ್ಕೆ ಫಾದರ್ ಇನ್ನಾಸಪ್ಪ ಸ್ಕೂಟರಿನಲ್ಲಿ ಬಂದರು. ಕುರೆಕುಪ್ಪದ ಆಚೆ ಗಣಿ ಮತ್ತು ಕಾರ್ಖಾನೆಯ ಕೂಲಿಗಳಿರುವ ಕಾಲೊನಿಯಲ್ಲಿ ಅವರದೊಂದು ಚಿಕ್ಕ ಚರ್ಚು, ಮೇಲೆ ಶೀಟು. ಪಾಪಿನಾಯಕನಹಳ್ಳಿಯ ಗುಡಿಯಲ್ಲಿ ಗಣವೊಂದರ ನಗೆ ಕಂಡು, ಇದು ಯಾರ ಕೈ ಎಂದು ವಿಚಾರಿಸಿಕೊಂಡು ಬಂದಿದ್ದರು. ಅಂಥ ಪ್ರಶ್ನೆ ಕೇಳಿದ ಮೊದಲ ಮನುಷ್ಯ. ಎರ್ರೆಮ್ಮನಿಗೆ ಅವರ ಮೇಲೆ ನಂಬಿಕೆ ಹುಟ್ಟಲು ಅಷ್ಟೇ ಸಾಕಾಯಿತು.

ಫಾದರ್ ಜೇಬಿನಿಂದ ಪಟದ ಕಾರ್ಡುಗಳನ್ನು ತೆಗೆದು ಕಟ್ಟೆಯ ಮೇಲೆ ಹರಡಿದರು. ಎಲ್ಲದರಲ್ಲೂ ಒಬ್ಬರೇ ಮುದುಕರು. ತಲೆಗೆ ಮೂರಂತಸ್ತಿನ ಕಿರೀಟ, ಮೈಮೇಲೆ ಜರಿಯಂಚಿನ ಕೆಂಪು ನಿಲುವಂಗಿ, ಕೈಯಲ್ಲಿ ಎರಡು ಕೊಕ್ಕೆಯ ಕಬ್ಬಿಣ.

"ಯಾರ್ರೀ ಇವ್ರು?"

"ಸಂತ ಕ್ಲೆಮೆಂಟ್. ಸಂತ ಪೇತ್ರರಾದ ಮೇಲೆ ಬಂದ ಮೊದಮೊದಲ ಪೋಪ್‌ಗಳಲ್ಲಿ ಒಬ್ಬರು. ನಮ್ಮ ಜಗದ್ಗುರುಗಳು ಅಂದ್ಕೊಳ್ಳಿ."

"ಜಗದ್ಗುರು ಅಂದ್ರ ಪಲ್ಲಕ್ಕ್ಯಾಗ ಹೋಗೋರು. ಇವ್ರ್ಯಾಕ ಭಾವ್ಯಾಗ ಬಿದ್ದ ಕೊಡ ತೆಗಿಯಾಕ ಹೊಂಟಂಗ ನಿಂತಾರ?"

ಫಾದರ್ ನಕ್ಕುಬಿಟ್ಟರು. "ಅದು ಲಂಗರು ಅಮ್ಮ. ಹಡಗು ನಿಲ್ಲಿಸೋದು. ಅದನ್ನೇ ಕುತ್ತಿಗೆಗೆ ಕಟ್ಟಿ ಇವರನ್ನ ಸಮುದ್ರಕ್ಕೆ ಎಸೆದರು."

ಕೂತು ಕಥೆ ಹೇಳಿದರು. ರೋಮಿನ ಅರಸ ಕ್ಲೆಮೆಂಟರನ್ನು ಕಡಲಾಚೆಯ ಕಲ್ಲುಗಣಿಗೆ ಅಟ್ಟಿದ. ಅಲ್ಲಿ ಕಲ್ಲು ಒಡೆಯುವ ಕೈದಿಗಳಿಗೆ ಕುಡಿಯಲು ಹನಿ ನೀರಿಲ್ಲ, ಹರದಾರಿಗಟ್ಟಲೆ ಹೊತ್ತು ತರಬೇಕು. ಒಂದು ದಿನ ಕುರಿಮರಿಯೊಂದು ಬಂದು ಮುಂಗಾಲೆತ್ತಿ ನೆಲ ತೋರಿಸಿತು. ಕ್ಲೆಮೆಂಟರು ಅಲ್ಲಿ ಗುದ್ದಲಿ ಹಾಕಿದರೆ ನೀರು ಚಿಮ್ಮಿತು. ಅದಕ್ಕೇ ಮರಿಯೂ ಪಟದಲ್ಲಿ ಅವರ ಕಾಲ ಬಳಿ ಇರುತ್ತದೆ. ಗಣಿಯ ಮಂದಿಗೆ ಗಣಿಯ ಸಂತರೇ ಇರಲಿ ಎಂದು ಫಾದರ್ ಆಸೆ.

ಎರ್ರೆಮ್ಮ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದರಲ್ಲಿ ಕಡಲ ತಳದಲ್ಲಿ ದೇವದೂತರು ಅವರಿಗೆ ಗೋರಿ ಕಟ್ಟಿದ್ದರು, ಸುತ್ತ ಮೀನು ಆಡುತ್ತಿದ್ದವು. ಅದು ಅವಳಿಗೆ ಮಸ್ತ್ ಹಿಡಿಸಿತು. ಉಳಿದವು ಹಿಡಿಸಲಿಲ್ಲ.

"ಎಲ್ಲಾದ್ರಾಗೂ ಮ್ಯಾಲs ನೋಡಾಕತ್ಯಾರಲ್ರಿ. ಬಾಯಾರಿದ ಮಂದಿ ಕೆಳಗ ಅದಾರ."

"ಸಂತರು ಸ್ವರ್ಗದ ಕಡೆ ನೋಡ್ತಾರಮ್ಮ."

"ಹಂಗ ನೋಡ್ಕೋತ ನಿಂತ್ರ ಮರಿ ಕಾಲೆತ್ತಿದ್ದು ಇವ್ರಿಗೆ ಹೆಂಗ ಕಾಣ್ತು?"

ಫಾದರ್ ಕಾರ್ಡುಗಳನ್ನು ಕೂಡಿಸಿ ಜೇಬಿಗಿಟ್ಟರು. "ಹಾಗಾದ್ರೆ ಕಣ್ಣು ನೀವೇ ಬರೀರಿ."

"ನಮ್ಮಾಗ ಹೆಣ್ಮಕ್ಳು ಕಣ್ಣು ತೆರಸಂಗಿಲ್ರಿ."

"ನಮ್ಮಲ್ಲಿ ಆ ನಿಯಮ ಇಲ್ಲ. ಈ ಮೂರ್ತಿಯ ಕಣ್ಣು ನಿಮ್ಮದೇ. ಮಾತು ಕೊಡ್ತೀನಿ."

ಮೂಲೆಯಲ್ಲಿ ಸಿಮೆಂಟು ಕಲಸುತ್ತಿದ್ದ ಗಾದಿಲಿಂಗನಿಗೂ ಈ ಮಾತು ಕೇಳಿಸಿತು. ಅವನು ತಲೆ ಎತ್ತಲಿಲ್ಲ.

ಎರ್ರೆಮ್ಮನ ತವರು ಸಂಡೂರಿನ ಗುಡ್ಡದ ಕೆಳಗೆ. ಯಂತ್ರ ಬರುವ ಮುಂಚೆ ಅದಿರನ್ನು ಹೆಂಗಸರು, ಮಕ್ಕಳು ಕೈಯಲ್ಲೇ ಒಡೆದು ಆರಿಸುತ್ತಿದ್ದ ಕಾಲದಲ್ಲಿ ಅವಳೂ ಅವ್ವನ ಜತೆ ಕೂತು ಸುತ್ತಿಗೆ ಎತ್ತಿದವಳು. ಬಾಯಿಯ ಎಂಜಲೂ ಕೆಂಪಗಿರುತ್ತಿತ್ತು. ಟ್ಯಾಂಕರು ಬಂದರೆ ಬಂತು, ಇಲ್ಲವೆಂದರೆ ಇಲ್ಲ. ಅವ್ವ ತಗಡಿನ ಡಬ್ಬಿಯಿಂದ ಮಕ್ಕಳ ಬೊಗಸೆಗೆ ನೀರು ಹೊಯ್ಯುವಾಗ ರೆಪ್ಪೆ ಇಳಿಸಿ ಬೊಗಸೆಯನ್ನೇ ನೋಡುತ್ತಿದ್ದಳು. ಒಂದು ಹನಿ ಚೆಲ್ಲಬಾರದು, ಒಂದು ಮಗು ತಪ್ಪಬಾರದು. ಕ್ಲೆಮೆಂಟರಿಗೆ ಬೇಕಾದದ್ದು ಆ ಕಣ್ಣು. ಮೂವತ್ತು ವರ್ಷದಿಂದ ಅದು ಅವಳೊಳಗೆ ಇತ್ತು, ಇಡಲು ಜಾಗ ಸಿಕ್ಕಿರಲಿಲ್ಲ.

ಮೂರ್ತಿ ಎದ್ದಿತು, ಅದರ ಕಾಲ ಬಳಿ ಮುಂಗಾಲೆತ್ತಿದ ಮರಿಯೂ ಎದ್ದಿತು. ಗಾದಿಲಿಂಗ ಕಬ್ಬಿಣದ ಸರಳು ಬಗ್ಗಿಸಿ ಲಂಗರು ಮಾಡಿಕೊಟ್ಟ. "ತಗೊ ಅತ್ತಿಗಿ, ನಿಮ್ಮ ಜಗದ್ಗುರುಗಳ ಪಾತಾಳಗರಡಿ," ಎಂದು ತಮಾಷೆಯನ್ನೂ ಮಾಡಿದ. ಅವಳು ನಿಲುವಂಗಿಯ ಅಂಚಿಗೆ ಸಂಡೂರಿನ ಕೆಂಧೂಳನ್ನೇ ಬಣ್ಣಕ್ಕೆ ಬೆರೆಸಿ ತಿಕ್ಕಿದಳು. ಗಣಿಯಲ್ಲಿ ಕೆಲಸ ಮಾಡಿದವರ ಬಟ್ಟೆ ಇನ್ನು ಹೇಗಿರುತ್ತದೆ? ಬಿಡುವಾದಾಗ ಮೊರ ಬೋರಲು ಹಾಕಿಕೊಂಡು ಅದರ ಬೆನ್ನ ಮೇಲೆ ಇದ್ದಿಲಿನಲ್ಲಿ ಕಣ್ಣು ಬರೆದಳು, ಒರೆಸಿದಳು, ಮತ್ತೆ ಬರೆದಳು. ಕೊನೆಗೆ ಒಂದು ಜೊತೆ ಒರೆಸಲು ಮನಸ್ಸು ಬರದೆ ಆ ಮೊರವನ್ನು ಗೋಡೆಗೆ ತೂಗುಹಾಕಿ, ರಾಗಿ ಕೇರಲು ಪಕ್ಕದ ಮನೆಯ ಮೊರ ಎರವು ತಂದಳು.

ಸಂತರ ಹಬ್ಬ ನವೆಂಬರಿನಲ್ಲಿ. ಅದಕ್ಕೆ ಒಂದು ವಾರ ಮುಂಚೆ ಮೂರ್ತಿಯನ್ನು ಒಯ್ಯಲು ಫಾದರ್ ಟೆಂಪೊ ತಂದರು.

"ಇಲ್ಲೇ ಕಣ್ಣು ಬರೆದುಬಿಡಿ ಅಮ್ಮ, ಒಂದು ಕೆಲಸ ಮುಗೀಲಿ."

ಬರೆದುಬಿಡಬಹುದಿತ್ತು. ತಡೆಯುವವರು ಯಾರೂ ಇರಲಿಲ್ಲ. ಆದರೆ ಅವಳು ತಲೆಯಾಡಿಸಿದಳು. "ಬ್ಯಾಡ್ರಿ ಫಾದರ್. ಯಾ ದೇವ್ರಾಗ್ಲಿ, ತನ್ನ ಗೂಡಿನಾಗ ನಿಂತ ಮ್ಯಾಲs ಕಣ್ಣು. ಹಬ್ಬದ ಹಿಂದಿನ ದಿನ ನಾನs ಬರ್ತೀನಿ."

ತನ್ನನ್ನು ಹೊರಗಿಟ್ಟ ಪದ್ಧತಿಯನ್ನು ತಾನೇ ಕೈಹಿಡಿದು, ಅದರ ಗೊಡವೆಯೇ ಇಲ್ಲದ ಚರ್ಚಿಗೂ ಕರೆದುಕೊಂಡು ಹೋದಳು. ನಿಯತ್ತಿನವರು ಎಡವುವುದೇ ಹೀಗೆ.

ಹಬ್ಬದ ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡು, ಬ್ರಷ್ಷನ್ನು ಹೊಸ ಖಣದಲ್ಲಿ ಸುತ್ತಿ, ಕನ್ನಡಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಬಸ್ ಹತ್ತಿದಳು. ತೋರಣಗಲ್ಲಿನಲ್ಲಿ ಇಳಿದು ಆಟೊ ಹಿಡಿದಳು. ಚರ್ಚಿನ ಬಾಗಿಲಲ್ಲಿ ಫಾದರ್ ಸೀರಿಯಲ್ ಲೈಟಿನ ಗಂಟು ಬಿಡಿಸುತ್ತಿದ್ದರು.

"ಅರೆ, ಎರ್ರೆಮ್ಮ! ಬನ್ನಿ ಬನ್ನಿ. ಜ್ವರ ಹೇಗಿದೆ ಈಗ?"

"ಯಾರಿಗ್ರಿ ಜ್ವರ?"

ಫಾದರ್ ಕೈಯಲ್ಲಿದ್ದ ಲೈಟಿನ ಸರ ಕೆಳಗೆ ಬಿತ್ತು. ಎರ್ರೆಮ್ಮ ಅವರನ್ನು ದಾಟಿಕೊಂಡು ಒಳಗೆ ಹೋದಳು.

ಗೂಡಿನಲ್ಲಿ ಸಂತ ಕ್ಲೆಮೆಂಟರು ನಿಂತಿದ್ದರು. ಅವಳು ತಿದ್ದಿದ ಗಲ್ಲ, ಅವಳು ಬಿಳಿ ಬಳಿದ ಗಡ್ಡ, ಕೆಂಧೂಳಿನ ಅಂಚು, ಎಲ್ಲ ಹಾಗೇ ಇತ್ತು. ಅದರ ಮೇಲೆ ಗಾದಿಲಿಂಗನ ಪಟಾಕಿ ಕಣ್ಣು. ಬಾಯಾರಿದವರ ಗಣಿಯಲ್ಲಿ ನಿಂತ ಮುದುಕರು ಚಾವಣಿಯ ಫ್ಯಾನನ್ನು ಬೆರಗಾಗಿ ನೋಡುತ್ತಿದ್ದರು.

"ನಿಮ್ಮ ಮೈದುನ ನಿನ್ನೆ ಬಂದಿದ್ರು," ಫಾದರ್ ಹಿಂದಿನಿಂದ ಹೇಳಿದರು. "ಅತ್ತಿಗಿಗೆ ಭಾಳ ಜ್ವರ, ಆಕಿನೇ ಕಳಿಸ್ಯಾಳ ಅಂದ್ರು."

"ನನ್ನ ಫೋನ್ ನಂಬರ್ ನಿಮ್ಮತ್ರ ಇತ್ತಲ್ರಿ."

ಫಾದರ್ ಜೇಬಿನ ಫೋನು ತೆಗೆದು ನೋಡಿ ಮತ್ತೆ ಒಳಗಿಟ್ಟರು. ಆ ಮನುಷ್ಯ ಸುಳ್ಳು ಹೇಳಿ ಬದುಕಿದವರಲ್ಲ, ಅದಕ್ಕೇ ಕಷ್ಟಪಡುತ್ತಿದ್ದರು.

"ಮಾಡಬಹುದಿತ್ತು," ಎಂದರು ಕೊನೆಗೆ. "ಹೆಂಗಸು ಕಣ್ಣು ತೆರೆಸಿದಳು ಅಂತ ಸುದ್ದಿಯಾದ್ರೆ ನಿಮ್ಮ ಊರವರು ನಮ್ಮ ಮೇಲೂ ತಿರುಗಿ ಬೀಳ್ತಾರೆ ಅಂದ್ರು ಅವರು. ನಾವು ಇಲ್ಲಿ ಇರೋದೇ ನಾಕು ಮನೆ. ನಾಳೆ ಬಿಷಪ್ ಬರ್ತಾರೆ. ಜ್ವರ ಅಂದಿದ್ದನ್ನೇ ನಂಬಿಬಿಡೋಣ ಅನಿಸ್ತು."

"ನಂಬಿದ್ರೇನು?"

"ಇಲ್ಲ."

ಗಾದಿಲಿಂಗ ಹೇಳಿದ್ದು ಹಸಿ ಸುಳ್ಳು. ಫಾದರದು ಬೇಯಿಸಿದ ಸುಳ್ಳು. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತದೆ ಎಂದು ಎರ್ರೆಮ್ಮನಿಗೆ ಅಲ್ಲಿ ನಿಂತೇ ತಿಳಿಯಿತು. ಕಣ್ಣು ಅವಳದು ಎಂದು ಯಾರೂ ಕೇಳದೆ ಮಾತು ಕೊಟ್ಟವರು ಇವರು.

"ಬೇಕಾದ್ರೆ ಅಳಿಸಿ ನೀವೇ ಬರೀರಿ. ಇನ್ನೂ ಹೊತ್ತಿದೆ," ಎಂದರು ಫಾದರ್.

ಅವಳ ಕೈ ಖಣದ ಗಂಟಿಗೆ ಹೋಯಿತು, ಅಲ್ಲೇ ನಿಂತಿತು. "ತೆರದ ಕಣ್ಣು ಅಳಸಂಗಿಲ್ರಿ. ಆತಗ ಅದು ಗೊತ್ತು. ಅದಕ್ಕs ಒಂದಿನ ಮುಂಚೆ ಬಂದಾನ."

"ಮರಿಯ ಕಣ್ಣು ಇನ್ನೂ ಬೋಳಾಗೇ ಇದೆ ನೋಡಿ, ಅವರು ಮರೆತುಹೋಗಿದ್ದಾರೆ. ಅದನ್ನಾದ್ರೂ..."

"ಮಾತು ಕೊಟ್ಟಿದ್ದು ಮರೀದಲ್ರಿ ಫಾದರ್," ಎಂದು ಹೇಳಿ ಅವಳು ಹೊರಗೆ ಬಂದಳು.

ಮನೆಯಲ್ಲಿ ಗಾದಿಲಿಂಗ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದ. ಅವಳ ಕಾಲ ಸಪ್ಪಳಕ್ಕೆ ತಿನ್ನುವುದನ್ನು ನಿಲ್ಲಿಸಿದ, ಏಳಲಿಲ್ಲ.

"ನನಗ ಜ್ವರ ಬಂದಿತ್ತಂತಲ್ಲೋ. ನನಗs ಯಾರೂ ಹೇಳ್ಲಿಲ್ಲ."

"ಕುಂದ್ರು ಅತ್ತಿಗಿ. ನಾ ಹೇಳ್ತೀನಿ."

"ನಿಂತs ಕೇಳ್ತೀನಿ. ಹೇಳು."

ಹೇಳಿದ. ಕಂಪ್ಲಿಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಅಮ್ಮನ ಗುಡಿಯ ಕೆಲಸ ಇವರ ಗಾರೆ ಕೆಲಸದವರ ಮೇಳಕ್ಕೆ ಸಿಕ್ಕಿತ್ತು. ಆ ಗುಡಿ ಕಮಿಟಿಯ ಹಿರಿಯ, ಅಕ್ಕಿ ಗಿರಣಿಯ ಕೊಟ್ರಯ್ಯ, ಗಾದಿಲಿಂಗನನ್ನು ಕರೆದು ಕೇಳಿದ್ದ: "ನಿಮ್ಮತ್ತಿಗಿ ಕಿರಿಸ್ತಾನರ ದೇವ್ರಿಗೆ ಕಣ್ಣು ತೆರಸ್ತಾಳಂತಲ್ಲೋ? ಅಲ್ಲಿ ಕೈ ಹಚ್ಚಿದಾಕಿ ನಾಳಿ ನಮ್ಮಮ್ಮಗೂ ಹಚ್ತಾಳ. ಹಂಗೇನಾರ ಆದ್ರ ಈ ಕಡಿ ಕಾಲಿಡಬ್ಯಾಡ."

"ಮೇಳದಾಗ ಎಷ್ಟು ಮನಿ ಅದಾವ ನಿನಗ ಗೊತ್ತಿಲ್ಲೇನು?" ಎಂದ ಗಾದಿಲಿಂಗ. "ಒಂದು ಕಣ್ಣಿನ ಸಲುವಾಗಿ ಎಲ್ಲಾರ ಹೊಟ್ಟಿ ಮ್ಯಾಲ ಕಲ್ಲು ಹಾಕ್ಲೇನು?"

"ನನಗs ಕೇಳಬಹುದಿತ್ತಲ್ಲೋ. ಬ್ಯಾಡ ಬಿಡು ಅತ್ತಿಗಿ ಅಂದಿದ್ರ ಬಿಡ್ತಿದ್ನೋ ಏನೋ." ಅವಳು ಗೋಡೆಯ ಮೊರದ ಕಡೆ ಕೈ ತೋರಿಸಿದಳು. "ಹೋಗ್ಲಿ, ಅದನ್ನ ನೋಡಿದ್ದ್ಯಲ್ಲ. ಅದನ್ನಾರ ಬರಿಬಾರ್ದಾಗಿತ್ತೇನು?"

ಗಾದಿಲಿಂಗ ಮೊರ ನೋಡಲಿಲ್ಲ. "ನೋಡಿದ್ದೆ. ನನಗ ಬರಂಗಿಲ್ಲ ಅದು."

ತನ್ನ ಕೈಯ ಬಗ್ಗೆ ಅವನು ನಿಜ ಹೇಳಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅವನು, ಅದರಾಚೆ ದಿನ ಮೂರ್ತಿ ಏರಿಸಲು ಬೇಕಾದ ಅಟ್ಟಣಿಗೆ ಕಟ್ಟಿಸಲು ಕಂಪ್ಲಿಗೆ ಹೋದ. ಆ ಗುಡಿಗೆಂದು ಎರ್ರೆಮ್ಮ ಮಾಡಿ ಮುಗಿಸಿದ್ದ ಅಮ್ಮ ಬೋಳು ಕಣ್ಣಿನಲ್ಲಿ ಮನೆಯ ಅಂಗಳದ ತಾಡಪತ್ರಿಯ ಕೆಳಗೆ ನಿಂತಿದ್ದಳು. ಎರ್ರೆಮ್ಮ ತಾಡಪತ್ರಿ ಸರಿಸಿದಳು. ನಡುಹಗಲ ಬಿಸಿಲು ಅಮ್ಮನ ಮುಖದ ಮೇಲೆ ಬಿತ್ತು. ಗೂಡು ಇಲ್ಲ, ಪೂಜೆ ಇಲ್ಲ. ಕನ್ನಡಿಯನ್ನು ತಾನೇ ಎಡಗೈಯಲ್ಲಿ ಹಿಡಿದಳು. ಬಲಗೈಯಲ್ಲಿ ಬ್ರಷ್ಷು ಎತ್ತಿದಳು. ರೆಪ್ಪೆ ಇಳಿಯಿತು, ಕರಿಬೊಟ್ಟು ಕೂತಿತು. ಡಬ್ಬಿಯಿಂದ ಬೊಗಸೆಗೆ ನೀರು ಹೊಯ್ಯುವ ಅವ್ವ ಕನ್ನಡಿಯೊಳಗಿಂದ ಅವಳನ್ನು ನೋಡಿದಳು.

ಸಂಜೆ ಗಾದಿಲಿಂಗ ಬಂದು ಕಂಡವನು ತಾಡಪತ್ರಿ ಎಳೆದು ಅಮ್ಮನ ಮುಖ ಮುಚ್ಚಿದ. "ಏನ್ ಮಾಡ್ದಿ ಅತ್ತಿಗಿ..."

"ಅಳಸು. ನಿನ್ನ ಕೈಯಾಗ ಆದ್ರ ಅಳಸು."

ಅವನ ಕೈಯಲ್ಲಿ ಆಗಲಿಲ್ಲ. ಇನ್ನಾದರೂ ಅವನು ಕೊಟ್ರಯ್ಯನ ಮುಂದೆ ಬಾಯಿ ಬಿಡಲೇಬೇಕು ಎಂದು ಎರ್ರೆಮ್ಮ ನಂಬಿದಳು. ನಂಬುವುದು ಅವಳಿಗೆ ಒಂದು ಚಟವೇ ಆಗಿತ್ತು. ಅವನು ಅಮ್ಮನ ಮುಖಕ್ಕೆ ಪಂಚೆ ಸುತ್ತಿ, ಬೆಳಗಾದ ಮೇಲೆ ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋದ. ಅವಳು ಬಸ್ಸಿನಲ್ಲಿ ಹಿಂದೆಯೇ ಹೋಗಿ ಹೆಂಗಸರ ಗುಂಪಿನಲ್ಲಿ ನಿಂತಳು.

ಅಮ್ಮನನ್ನು ಗೂಡಿಗೆ ಏರಿಸಿದರು. ಗಾದಿಲಿಂಗ ಪರದೆಯ ಹಿಂದೆ ಹೋದ. ಒಣಗಿದ ಬ್ರಷ್ಷು, ಕನ್ನಡಿ ಎರಡನ್ನೂ ತಾನೇ ಹಿಡಿದುಕೊಂಡು, ಆಗಿಹೋದ ಕೆಲಸವನ್ನು ಮಾಡುವವನಂತೆ ಅಲ್ಲಿ ಹೊತ್ತು ಕಳೆದ. ಡೊಳ್ಳು ಬಡಿದರು. ಪರದೆ ಸರಿಯಿತು.

ಡೊಳ್ಳಿನವನ ಕೈ ನಿಂತಿತು. ಕಂಪ್ಲಿಯ ಮಂದಿ ಅಲ್ಲಿಯವರೆಗೆ ತಮ್ಮ ತಲೆಯ ಮೇಲಿಂದ ಎಲ್ಲೋ ನೋಡುವ ದೇವರನ್ನು ಮಾತ್ರ ಕಂಡಿದ್ದರು. ಈ ಅಮ್ಮ ಹೊಸ್ತಿಲ ಬಳಿ ನಿಂತವರನ್ನು ನೋಡುತ್ತಿದ್ದಳು. ಮುಂದೆ ನಿಂತಿದ್ದ ಮುದುಕಿಯೊಬ್ಬಳು ತನಗೇ ಗೊತ್ತಿಲ್ಲದಂತೆ ಬೊಗಸೆ ಒಡ್ಡಿದಳು.

"ಏನ್ ಕಣ್ಣಲೇ ಇವು!" ಕೊಟ್ರಯ್ಯ ಕೈ ಮುಗಿದ. ರುಮಾಲು ಬಿಡಿಸುತ್ತ ಕೇಳಿದ, "ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ದೆಲೇ ಗಾದಿ, ಈ ಕೈನ?"

ಗಾದಿಲಿಂಗ ಗುಂಪಿನಲ್ಲಿ ಅತ್ತಿಗೆಯನ್ನು ಹುಡುಕಿದ. ಸಿಕ್ಕಳು. ನೋಡಿದ. ಆಮೇಲೆ ರುಮಾಲು ಸುತ್ತಲು ಅನುಕೂಲವಾಗಲೆಂದು ತಲೆ ಬಗ್ಗಿಸಿದ.

ಅವಳು ಕೂಗಬಹುದಿತ್ತು. ಆದರೆ ಕೂಗಿದ ಮರುಗಳಿಗೆ ಅದು ಹೆಂಗಸು ತೆರೆಸಿದ ಕಣ್ಣಾಗುತ್ತಿತ್ತು. ದೇವರ ಕಣ್ಣು ಅಳಿಸುವುದು ಪಾಪ ಎನ್ನುವ ಇದೇ ಮಂದಿ ಶಾಂತಿ ಮಾಡಿಸಿ, ಉಳಿ ತಂದು, ಅದನ್ನು ಕಿತ್ತು ಹಾಕುತ್ತಿದ್ದರು. ತನ್ನದು ಎಂದು ಹೇಳಿದರೆ ಕಣ್ಣು ಉಳಿಯುವುದಿಲ್ಲ, ಕಣ್ಣು ಉಳಿಯಬೇಕಾದರೆ ತನ್ನದು ಎನ್ನುವಂತಿಲ್ಲ. ಎರ್ರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಪಕ್ಕದವಳು ಅದನ್ನು ಭಕ್ತಿ ಎಂದುಕೊಂಡಳು.

ಮನೆಗೆ ಬಂದ ಮೇಲೆ ಗಾದಿಲಿಂಗ ರುಮಾಲನ್ನು ಬಿಚ್ಚಿ ಅವಳ ಕಾಲ ಬಳಿ ಇಟ್ಟ. "ಇದು ನಿಂದು ಅತ್ತಿಗಿ."

"ಇಲ್ಲಿ ಹೇಳ್ಬ್ಯಾಡ. ಕಂಪ್ಲಿಗೆ ಹೋಗಿ ಗುಡಿ ಕಟ್ಟಿ ಮ್ಯಾಲ ನಿಂತು ಹೇಳು."

"ಹೇಳಿದ್ರ ಆ ಕಣ್ಣು ಒಡೀತಾರ. ನಿನಗೂ ಗೊತ್ತದ, ಅದಕ್ಕs ನೀನೂ ಸುಮ್ಕಿದ್ದಿ."

ಅವಳು ನುಂಗಿಕೊಂಡ ಕೂಗನ್ನೂ ಅವನು ತನ್ನ ಕಡೆಯ ಸಾಕ್ಷಿ ಮಾಡಿಕೊಂಡಿದ್ದ. ಎರ್ರೆಮ್ಮ ರುಮಾಲು ಎತ್ತಿ, ಹಲ್ಲಿನಲ್ಲಿ ಅಂಚು ಕಚ್ಚಿ, ಬಣ್ಣ ಒರೆಸುವ ಚಿಂದಿಯಷ್ಟು ಅಗಲಕ್ಕೆ ಉದ್ದಕ್ಕೂ ಹರಿದಳು. ರೇಷ್ಮೆ ಬಣ್ಣ ಹೀರುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೂ ಹರಿದಳು.

ಅಂದಿನಿಂದ ಅವಳು ಮೇಳದ ಮೂರ್ತಿಗಳನ್ನು ಮುಟ್ಟಿಲ್ಲ. ಗಾದಿಲಿಂಗನಿಗೆ ಸುತ್ತಲ ಊರುಗಳಿಂದ ಕರೆ ಬರುತ್ತಲೇ ಇದೆ, "ಕಂಪ್ಲಿ ಅಮ್ಮನ ಕಣ್ಣಿನಂಥವೇ ಬೇಕು" ಎಂದು. ಅವನು ಒಂದೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಾನೆ. ಎಷ್ಟು ದಿನ ನಡೆಯುತ್ತದೋ.

ಕುರೆಕುಪ್ಪದ ಕಡೆಯಿಂದಲೂ ಫೋನು ಬರುತ್ತದೆ. ಚರ್ಚಿಗೆ ಬರುವ ಮಕ್ಕಳು ಮರಿಯ ಬೋಳು ಮುಖಕ್ಕೆ ಬೆರಳಾಡಿಸಿ ಕೇಳುತ್ತಿದ್ದಾರಂತೆ, ಇದಕ್ಕೆ ಕಣ್ಣು ಯಾವಾಗ ಬರುತ್ತದೆ ಎಂದು.

"ಬಂದುಬಿಡಿ ಅಮ್ಮ, ಐದು ನಿಮಿಷದ ಕೆಲಸ," ಎನ್ನುತ್ತಾರೆ ಫಾದರ್.

"ಬರ್ತೀನ್ರಿ. ಒಂದು ಐತವಾರ ಎಲ್ಲಾರೂ ಕುಂತಾಗ, ಮೂರ್ತಿ ಮಾಡಿದಾಕಿ ಯಾರು, ಕಣ್ಣಿನ ಮಾತು ಯಾರಿಗೆ ಕೊಟ್ಟಿದ್ರಿ, ಯಾಕ ತಪ್ಪಿದ್ರಿ, ಅಷ್ಟು ಹೇಳ್ರಿ. ಮರುದಿನs ಬರ್ತೀನಿ."

"ಯೋಚನೆ ಮಾಡ್ತೀನಿ."

"ಮಾಡ್ರಿ. ಮರಿ ಎಲ್ಲೂ ಹೋಗಂಗಿಲ್ಲ."

ಫೋನು ಇಟ್ಟು ಅವಳು ಅಳಿಲ ಬಾಲದ ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ, ಕೂದಲು ಒಣಗದಂತೆ ಒರೆಸಿ, ಮತ್ತೆ ಖಣದಲ್ಲಿ ಸುತ್ತಿಡುತ್ತಾಳೆ. ಅಲ್ಲಿ ಸಂತ ಕ್ಲೆಮೆಂಟರು ಫ್ಯಾನು ನೋಡುತ್ತ ನಿಂತಿದ್ದಾರೆ. ಕಾಲ ಬಳಿ ಮರಿಯ ಮುಂಗಾಲು ಎತ್ತಿದ್ದು ಎತ್ತಿದ ಹಾಗೇ ಇದೆ.